ಚಿಕ್ಕಮ್ಮನ ಕೊಡಲಿ

ಡೆಲ್ಮರ್ ಅಣ್ಣನಿಗೆ,

ಕಡಲ ದಂಡೆಯ ನಿನ್ನ ಮನೆಗೆ ಚಂಡಮಾರುತದಿಂದ ಏನೂ ಆಗಲಿಲ್ಲವೆಂದು ತಿಳಿದು ಸಮಾಧಾನವಾಯಿತು. ನಿನ್ನ ಅಮ್ಮ, ನನ್ನ ಚಿಕ್ಕಮ್ಮ, ತಂದಿದ್ದ ಬಟ್ಟೆ ಪೆಟ್ಟಿಗೆ ನನ್ನ ಹತ್ತಿರವೇ ಇದೆ. ಕೊಡಲಿಯೂ ಪಕ್ಕದ ಹತ್ತಿ ಹೊಲದಲ್ಲಿ ಸಿಕ್ಕಿತು.

ಅಲಬಾಮಾದ ಒಳನಾಡಿನಲ್ಲಿ ಭಯವಿಲ್ಲವೆಂದು ನೀನು ಅವಳನ್ನು ನಮ್ಮ ಮನೆಗೆ ಕಳಿಸಿದಾಗ ಚಿಕ್ಕಮ್ಮ ಆ ಕೊಡಲಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ನಾನು ನಕ್ಕೆ. "ಸಮುದ್ರ ಇನ್ನೂರು ಮೈಲಿ ದೂರ ಇದೆ, ಚಿಕ್ಕಮ್ಮ."

"ನೀರಿಗೆ ಮೈಲಿಗಲ್ಲು ಓದೋಕೆ ಬರಲ್ಲ ಕಣೆ. ನೀರು ಏರಿ ಅಟ್ಟದಲ್ಲಿ ಸಿಕ್ಕಿಹಾಕ್ಕೊಂಡ್ರೆ ಸೂರು ಒಡೆದು ಹೊರಗೆ ಬರೋಕೆ ಇದು ಬೇಕು."

ಮರುದಿನ ಮಧ್ಯಾಹ್ನ ಊರಿನ ಎಚ್ಚರಿಕೆಯ ಸೈರನ್ ಕೂಗಿತು. ಕಡಲಿನಿಂದ ಒಳಗೆ ಬಂದ ಚಂಡಮಾರುತ ನಮ್ಮಲ್ಲಿ ಸುಂಟರಗಾಳಿಗಳನ್ನು ಎಬ್ಬಿಸುತ್ತದೆ. ಸೈರನ್ ಎಂದರೆ ನಮಗೆ ನೆಲಮಾಳಿಗೆ, ಅವಳಿಗೆ ಅಟ್ಟ. ನಾನು ಕೆಳಗೆ ಓಡಿದೆ, ಅವಳು ಕೊಡಲಿ ಹಿಡಿದು ಮೇಲೆ ಹತ್ತಿದಳು. ಎಷ್ಟು ಕೂಗಿದರೂ ಇಳಿಯಲಿಲ್ಲ. ನಾನು ಬಾಗಿಲು ಹಾಕಿಕೊಂಡೆ. ತೆರೆದಾಗ ಅಟ್ಟವೇ ಇರಲಿಲ್ಲ.

ಕೊನೆಗೆ ಏನಂದಳು ಎಂದು ನೀನು ಫೋನಿನಲ್ಲಿ ಕೇಳಿದೆ. ಏನೂ ಅನ್ನಲಿಲ್ಲ ಎಂದೆ. ಅದು ಸುಳ್ಳು.

ಈಗ ಸೂರಿನ ಬದಲು ನೀಲಿ ಟಾರ್ಪಾಲು ಕಟ್ಟಿದ್ದೇವೆ. ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಸೈರನ್ನನ್ನು ಪರೀಕ್ಷೆಗೆಂದು ಕೂಗಿಸುತ್ತಾರೆ. ಆಗ ಅಟ್ಟವಿದ್ದ ಜಾಗದಿಂದ ಅವಳ ಅದೇ ಕೊನೆಯ ಮಾತು ಕೇಳಿಸುತ್ತದೆ: "ಮೇಲೆ ಬಾರೇ ವರ್ಲೀನ್, ಕೆಳಗೆ ಮುಳುಗಿ ಹೋಗ್ತೀಯ."

ಅಟ್ಟದ ಮೆಟ್ಟಿಲುಗಳು ಮಾತ್ರ ಇನ್ನೂ ನಿಂತಿವೆ. ಕಳೆದ ಬುಧವಾರ ಆ ಕರೆ ಕೇಳಿ ಐದು ಮೆಟ್ಟಿಲು ಹತ್ತಿದ ಮೇಲೆ ನನಗೆ ಮೈಮೇಲೆ ಎಚ್ಚರ ಬಂತು.

ಮುಂದಿನ ಸೈರನ್ನಿಗೆ ಮುಂಚೆ ಬಾ. ಕೊಡಲಿ ಒಯ್ಯುವ ಮೊದಲು ಆ ಮೆಟ್ಟಿಲುಗಳನ್ನು ಕಡಿದುಹಾಕಿ ಹೋಗು.

ನಿನ್ನ ತಂಗಿ,
ವರ್ಲೀನ್