ಯಾರೂ ಇಲ್ಲದ ನಿಲ್ದಾಣಕ್ಕೆ ಬಸ್ಸು ಕಳಿಸಿದ ಏಕರೂಪತೆ

ಏಕರೂಪತೆಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಸಾರಿಗೆ ಕಚೇರಿಯಲ್ಲಿ ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯ ಮನೆತನಕ್ಕೆ ಸೇರಿದ ಪ್ರೋಗ್ರಾಮುಗಳೆಲ್ಲ ಇನ್ನು ಸ್ಕೀಮ್ ಎಂಬ ಒಂದೇ ಉಪಭಾಷೆಯಲ್ಲಿ ಇರತಕ್ಕದ್ದೆಂದು ತಾವು ಅಪ್ಪಣೆ ಕೊಡಿಸಿದಿರಿ. ಅದನ್ನು ಮುರಿದರೆಂದು ಇದೇ ಕಚೇರಿಯಲ್ಲಿ ಕೆಲಸ ಮಾಡುವ ನಮ್ಮ ಅತ್ತೆಗೆ ಈಗ ನೋಟಿಸು ಬಂದಿದೆ. ಸೋಮವಾರ ವಿಚಾರಣೆ, ಆಮೇಲೆ ಕೆಲಸ ಉಂಟೋ ಇಲ್ಲವೋ ತಮಗೇ ಗೊತ್ತು. ಈ ಘನಕಾರ್ಯದಲ್ಲಿ ನನ್ನದೂ ಪಾಲಿರುವುದರಿಂದ ಅತ್ಯಂತ ವಿನಯದಿಂದ ತಕರಾರು ತೆಗೆಯುತ್ತಿದ್ದೇನೆ.

ದಿಬ್ಬದ ಬೀದಿಗಳ ಸಣ್ಣ ಬಸ್ಸುಗಳನ್ನು ಹದಿನೆಂಟು ವರ್ಷದಿಂದ ನಡೆಸುತ್ತಿರುವುದು ಅತ್ತೆ ಬರೆದ ಪ್ರೋಗ್ರಾಮು. ನಿಲ್ದಾಣದ ಗುಂಡಿ ಒತ್ತಿದವರು ಪಟ್ಟಿಗೆ ಸೇರುತ್ತಾರೆ. ‘ಪಟ್ಟಿ ಇದೆಯೇ?’ ಎಂಬ ಪ್ರಶ್ನೆಗೆ ‘ಹೌದು’ ಎಂದು ಉತ್ತರ ಬಂದರೆ ಬಸ್ಸು ಹೋಗುತ್ತದೆ. ಅತ್ತೆಯದು ಅದೇ ಮನೆತನದ ಇನ್ನೊಂದು ಉಪಭಾಷೆ, ಕಾಮನ್ ಲಿಸ್ಪ್. ಅದರಲ್ಲಿ ಖಾಲಿ ಪಟ್ಟಿ ಎಂದರೆ ‘ಇಲ್ಲ’. ಸ್ಕೀಮ್‌ನಲ್ಲಿ ಖಾಲಿಯಾದರೂ ಪಟ್ಟಿ ಪಟ್ಟಿಯೇ, ಆದ್ದರಿಂದ ‘ಹೌದು’. ಎರಡೂ ತಪ್ಪಲ್ಲ, ಮನೆಗೊಂದು ಪದ್ಧತಿ. ಇದನ್ನು ಬಲ್ಲ ನಾನು, ಕಚೇರಿಯ ಕಿರಿಯ ನೌಕರ, ತಮ್ಮ ಆದೇಶ ಬಂದ ಖುಷಿಗೆ ಅಷ್ಟನ್ನೂ ಮರೆತು ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಸ್ಕೀಮ್‌ಗೆ ತಂದೆ. ಅತ್ತೆ ನನ್ನ ಭುಜದ ಮೇಲಿಂದ ಇಣುಕಿ, “ಲೋ, ಎರಡ್ರಲ್ಲೂ ಬ್ರಾಕೆಟ್ಟು ಒಂದೇ ಥರ ಇದೆ ಅಂತ ಸ್ವಭಾವನೂ ಒಂದೇ ಅನ್ಕೋಬೇಡ. ಪಟ್ಟಿ ಖಾಲಿ ಇದ್ದಾಗ ಏನಾಗತ್ತೆ, ಒಂದ್ಸಲ ನೋಡು” ಎಂದರು. ಆದೇಶದಲ್ಲಿ ನೋಡಲು ಹೇಳಿಲ್ಲವೆಂದು ನಾನು ಉತ್ತರಿಸಿದೆ.

ಮರುದಿನ ಬಸ್ಸುಗಳು ನರಪಿಳ್ಳೆಯಿಲ್ಲದ ನಿಲ್ದಾಣಗಳಿಗೆಲ್ಲ ಸಾಲುಗಟ್ಟಿ ಹೋದವು. ಬಾಗಿಲು ತೆರೆದು, ಶೂನ್ಯವನ್ನು ಹತ್ತಿಸಿಕೊಂಡು, ಗೌರವದಿಂದ ಬಾಗಿಲು ಮುಚ್ಚಿ ಮುಂದಿನ ಶೂನ್ಯದತ್ತ ಹೊರಟವು. ಬೀಗ ಹಾಕಿದ ಈಜುಕೊಳದೆದುರು ಮೂರು ಬಸ್ಸು ಒಟ್ಟಿಗೆ ನಿಂತದ್ದನ್ನು ಕಂಡು ನನಗೆ ಆನಂದಬಾಷ್ಪವೇ ಬಂತು. ಇತ್ತ ಆಸ್ಪತ್ರೆಯ ನಿಲ್ದಾಣದಲ್ಲಿ ಹನ್ನೊಂದು ಜನ ಒಂದೂವರೆ ಗಂಟೆ ಕಾದರು. ಕೊನೆಗೆ ಬಸ್ಸು ಬಂದಾಗ ಊರುಗೋಲಿನ ಅಜ್ಜಿಯೊಬ್ಬರು ಚಾಲಕನನ್ನು ಕೇಳಿದರಂತೆ: “ಏನಪ್ಪಾ, ಇಲ್ಲದೋರನ್ನೆಲ್ಲ ಹತ್ತಿಸ್ಕೊಂಡಾಯ್ತಾ? ಇರೋರಿಗೆ ಜಾಗ ಉಳಿದಿದ್ಯಾ?” ನನ್ನ ನಗು ಅಲ್ಲಿಗೆ ನಿಂತಿತು.

ಅತ್ತೆ ಯಾರನ್ನೂ ಕೇಳದೆ ಹಳೆಯ ಪ್ರೋಗ್ರಾಮನ್ನು ಮತ್ತೆ ಹಾಕಿದರು. ಹತ್ತು ನಿಮಿಷದಲ್ಲಿ ಬಸ್ಸುಗಳಿಗೆ ಬುದ್ಧಿ ಬಂತು. ಬಸ್ಸು ದಾರಿ ತಪ್ಪಿಸಿದ ನನಗೆ ತಮ್ಮಿಂದ ಮೆಚ್ಚುಗೆಪತ್ರ, ದಾರಿಗೆ ತಂದ ಅವರಿಗೆ ನೋಟಿಸು! ಸ್ವಾಮಿ, ಚಮಚ, ಸೌಟು, ಜಾಲರಿ ಮೂರೂ ಒಂದೇ ಮನೆತನದವು. ನಾಳೆ ಜಾಲರಿಯಲ್ಲೇ ನೀರು ಮೊಗೆಯತಕ್ಕದ್ದು ಎನ್ನುವಿರಾ? ಸ್ಕೀಮ್ ಚೊಕ್ಕ ಭಾಷೆ, ನಾನು ಅಕ್ಷರ ತಿದ್ದಿದ್ದೇ ಅದರಲ್ಲಿ. ಹೊಸದನ್ನು ಅದರಲ್ಲೇ ಬರೆಯೋಣ. ಆದರೆ ದಾಯಾದಿಗಳು ಬೇರೆ ಬೇರೆಯಾಗಿದ್ದಾರೆಂದರೆ ಅದಕ್ಕೆ ಕಾರಣವಿರುತ್ತದೆ. ಅದನ್ನು ಕೇಳದೆ ಒಂದೇ ಸೂರಿನಡಿ ದೂಡುವುದು ಯಾವ ಸೀಮೆಯ ಒಗ್ಗಟ್ಟು?

ಅತ್ತೆಯ ನೋಟಿಸನ್ನು ಹಿಂತೆಗೆದುಕೊಳ್ಳಿ. ಅವರ ಪ್ರೋಗ್ರಾಮು ಅದರ ಉಪಭಾಷೆಯಲ್ಲೇ ಇರಲಿ ಎಂದು ಬರೆದುಕೊಡಿ. ತಪ್ಪು ಬರೆದವನು ನಾನು. ಸೋಮವಾರ ವಿಚಾರಣೆಯ ಕುರ್ಚಿಯಲ್ಲಿ ನಾನೇ ಕೂರುತ್ತೇನೆ. ಅತ್ತೆಗೆ ಅಂದು ಪುರುಸೊತ್ತಿಲ್ಲ, ಬಸ್ಸು ಓಡಿಸಬೇಕು.

ಇಂತಿ,
ಹೇಳಿದ್ದನ್ನು ಹೇಳಿದಷ್ಟೇ ಮಾಡಿ ಕೆಟ್ಟ,
ತಮ್ಮ ಅತಿವಿಧೇಯ