ಹಸಿರು ಚುಕ್ಕೆಯ ಆಮೆ

ಅಪ್ಪಾ,

ಇವತ್ತು ಹೆದ್ದಾರಿಯ ಕೆಳಗಿನ ಆಮೆ ಸುರಂಗದ ಬಾಗಿಲು ತೆಗೆಸಿದೆ. ರಸ್ತೆಯಿಂದ ಎರಡು ಪಾಲಾಗಿದ್ದ ಅಳಿದುಳಿದ ಆಮೆಗಳು ಇನ್ನು ಕೂಡಿ ಬಾಳಬಹುದು. ಸುರಂಗ ಕಟ್ಟಿ ಮುಗಿದು ಎರಡು ವರ್ಷವಾಗಿತ್ತು. ಆಚೆ ಕಡೆಯ ಕೆಲವಕ್ಕೆ ಮೂಗು ಸೋರುವ ರೋಗವಿದ್ದುದರಿಂದ ನಾನೇ ಅದನ್ನು ತೆಗೆಯಲು ಬಿಟ್ಟಿರಲಿಲ್ಲ. "ಆಮೆಗಿಂತ ನಮ್ಮ ಡಾಕ್ಟರಮ್ಮನೇ ನಿಧಾನ" ಎಂದು ಅರಣ್ಯ ಇಲಾಖೆಯ ಸಾಹೇಬರು ಆಡಿಕೊಂಡರು. ಜಪ್ಪಯ್ಯ ಅಂದರೂ ನಾನು ಜಗ್ಗಲಿಲ್ಲ. ಈ ಹಠ ಯಾರಿಂದ ಬಂದದ್ದೆಂದು ನಿಮಗೆ ಗೊತ್ತಲ್ಲ.

ರಸ್ತೆ ಕಾವಲಿನಲ್ಲಿದ್ದಾಗ ನೀವು ಆಮೆಗಳು ಲಾರಿಗೆ ಸಿಕ್ಕಾವೆಂದು ಚೀಲದಲ್ಲಿಟ್ಟು ಆಚೆ ಕಡೆಯಿಂದ ಈಚೆ ಕಡೆಗೆ ದಾಟಿಸುತ್ತಿದ್ದಿರಿ. ದಾಟಿಸಿದ ಪ್ರತಿಯೊಂದರ ಚಿಪ್ಪಿಗೂ ಒಂದು ಹಸಿರು ಚುಕ್ಕೆ ಇಡುತ್ತಿದ್ದಿರಿ. ಒಂದು ದಿನ ಎಲ್ಲರೆದುರು ರೇಗಿಬಿಟ್ಟೆ: "ಒಂದೇ ಚೀಲದಲ್ಲಿ ರೋಗಾನೂ ದಾಟಿಸ್ತಿದೀರಲ್ಲಪ್ಪಾ!" ನೀವು ಚೀಲ ಮಡಚಿದಿರಿ. ಆಮೇಲೆ ನನ್ನ ಕೆಲಸದ ಜಾಗಕ್ಕೆ ಬರಲೇ ಇಲ್ಲ.

ನೀವು ತೀರಿಹೋದ ಮೇಲೆ ದಾರಿ ತೋರಿಸಿದ್ದು ಆ ಚುಕ್ಕೆಗಳೇ. ಆಚೆಯಿಂದ ಬಂದವು ಯಾವುವೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಚುಕ್ಕೆಯಿದ್ದ ಇಪ್ಪತ್ತಮೂರನ್ನೂ ಹುಡುಕಿ, ಬೇರೆ ಇಟ್ಟು ಪರೀಕ್ಷಿಸಿದೆ. ನಾಲ್ಕಕ್ಕೆ ರೋಗವಿತ್ತು. ಅವೂ ಆಚೆಯ ರೋಗದವೂ ಬೇಲಿಯೊಳಗೇ ಉಳಿದವು. ಮಿಕ್ಕವನ್ನು ಮೂರು ಸಲ ಪರೀಕ್ಷಿಸಿದರೂ ಏನೂ ಸಿಗಲಿಲ್ಲ.

ಇವತ್ತು ಮೊದಲು ಸುರಂಗಕ್ಕೆ ಇಳಿದದ್ದು ಚುಕ್ಕೆಯಿದ್ದ ಒಂದು ಮುದುಕಿ ಆಮೆ. ಹುಟ್ಟಿದ ಕಡೆಗೇ ತಿರುಗಿ ಹೊರಟಿತು.

"ಇದಕ್ಕೆ ಬಣ್ಣ ಹಚ್ಚಿದ್ದು ಯಾರ್ರೀ?" ಎಂದರು ಸಾಹೇಬರು.

ಅವತ್ತು ನಾನು ರೇಗಿದ್ದನ್ನು ಕೇಳಿದವರೆಲ್ಲ ಅಲ್ಲೇ ನಿಂತಿದ್ದರು.

"ನಮ್ಮಪ್ಪ" ಎಂದೆ. ಅವತ್ತಿಗಿಂತ ಜೋರಾಗಿಯೇ ಎಂದೆ.