ಎಡೆ ಇಟ್ಟವಳ ಹೋಟೆಲು

ಹರವೆಯ ಅಕ್ಕನಿಗೆ, ಬಾಲಿ ದ್ವೀಪದಿಂದ ತಮ್ಮನ ನಮಸ್ಕಾರ.

ಇಲ್ಲಿ ನಾವು ಕಡಲು ಕಂಡೆವು, ಗುಡಿ ಕಂಡೆವು, ಕೊಟ್ಟಿದ್ದೆಲ್ಲ ಉಂಡೆವು. ಅವ್ವ ಮಾತ್ರ ಎರಡು ದಿನ ಬಾಳೆಹಣ್ಣಿನಲ್ಲೇ ಕಳೆದಳು. ಬರೀ ಸೊಪ್ಪು, ತರಕಾರಿ ಎಂದರೂ, "ಏನ್ ಬೆಂದ ಪಾತ್ರೆಯೋ ಕಾಣೆ, ನಂಗ್ ಬ್ಯಾಡ ಕಣ್ಲಾ" ಎನ್ನುವಳು. ಸಕ್ಕರೆ ಕಾಯಿಲೆಯವಳು, ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ತಲೆ ಸುತ್ತಿ ಕೂತಾಗ ನನಗೆ ಭಯವಾಯಿತು.

ಈ ಬೆಳಿಗ್ಗೆ ಒಂದು ಪುಟ್ಟ ಹೋಟೆಲಿನ ಮುಂದೆ ನಿಂತಿದ್ದೆವು. ಅದರ ಯಜಮಾನಿ ಅನ್ನ ಇಳಿಸಿದವಳೇ ಬಾಳೆಲೆಯ ಚೂರುಗಳಲ್ಲಿ ಚಿಟಿಕೆ ಚಿಟಿಕೆ ಅನ್ನವಿಟ್ಟು, ಒಲೆಗೊಂದು, ನೀರಿನ ಕೊಡಕ್ಕೊಂದು, ಹೊಸ್ತಿಲಿಗೊಂದು ಮಾಡಿ ಕೈಮುಗಿದಳು. ಅವ್ವ ಕಣ್ಣು ಕೀಳದೆ ನೋಡಿದಳು.

"ಎಡೆ ಮಡುಗ್ದೆ ಉಣ್ಣಕಿಲ್ಲ ಇವ್ಳು. ಇವ್ಳ್ ಪಾತ್ರೆಗೇನ್ಲಾ ಬಂದದು?" ಎಂದು ನನ್ನನ್ನೇ ಗದರಿಸಿ ಒಳಗೆ ಹೋಗಿ ಕೂತಳು.

"ನಾನೇನ್ ಬ್ಯಾಡ ಅಂದ್ನಾ ಅವ್ವ?"

"ಸುಮ್ಕಿರ್ಲಾ, ತಟ್ಟೆ ಈಸ್ಕೊ."

ಅನ್ನದ ಜೊತೆ ಕಾಯಿತುರಿ ಹಾಕಿದ ಸೊಪ್ಪಿನ ಪಲ್ಯ. ಉಪ್ಪು ಸಾಲದೆಂದು ಅವ್ವ ಯಜಮಾನಿಗೆ ಕೈಸನ್ನೆಯಲ್ಲೇ ಹೇಳಿಯೂ ಆಯಿತು. ತಲೆಸುತ್ತು ನಿಂತಿದೆ, ಗಾಬರಿ ಬೇಡ. ಇನ್ನು ಬರೆಯಲಾರೆ, ಅವ್ವ ಎರಡನೇ ಸಲ ಅನ್ನ ಕೇಳುತ್ತಿದ್ದಾಳೆ.

ಗುರುಮಲ್ಲೇಶ